ಅಂಗಳದ ಮಂಗಟ್ಟೆಗೆ ಬಾಯ್ಲ್ಡ್ ಲಿನ್ಸೀಡ್ ಎಣ್ಣೆ: ಎರಡು ಮಳೆಗಾಲಗಳ ಅನುಭವ

ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದಲ್ಲಿ ಗಾಳಿಗೆ ಉರುಳಿದ ಹಲಸಿನ ದಿಮ್ಮಿಯಲ್ಲಿ ಚೈನ್‌ಸಾದಿಂದ ಕೆತ್ತಿಸಿದ ನಾಲ್ಕಡಿ ಎತ್ತರದ ಮಂಗಟ್ಟೆ ಹಕ್ಕಿ ಅಂಗಳದಲ್ಲಿ ನಿಂತಿದೆ. ಅದಕ್ಕೆ ಬಳಿದ ಬಾಯ್ಲ್ಡ್ ಲಿನ್ಸೀಡ್ ಎಣ್ಣೆಯನ್ನು, ಅಂದರೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿದ ಅಗಸೆ ಎಣ್ಣೆಯನ್ನು, ಎರಡು ಮಳೆಗಾಲ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಅಂಗಡಿಯವರ ಮಾತಿನಂತೆ ಹೊಳಪಿನ ವಾರ್ನಿಷ್ ಹೊಡೆಸಿದ್ದೆವು. ಆಗಸ್ಟ್ ಹೊತ್ತಿಗೆ ಕೊಕ್ಕಿನ ಕೆಳಗೆ ಅದು ಬೆಳ್ಳಗಾಗಿ, ಉಗುರು ತಾಗಿಸಿದರೆ ಹಾವಿನ ಪೊರೆಯಂತೆ ಎದ್ದು ಬರುತ್ತಿತ್ತು. ಅಡಿಯಲ್ಲಿ ಮರ ಕಪ್ಪುಗಟ್ಟಿತ್ತು. ಹಸಿ ಮರ ಅಂಗುಲ ದಪ್ಪ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಮರಗೆಲಸದವರ ಲೆಕ್ಕ. ಹೀಗಾಗಿ ಇಡೀ ದಿಮ್ಮಿ ವರ್ಷಗಟ್ಟಲೆ ಬಿರಿಯುತ್ತಲೇ ಇರುತ್ತದೆ, ಬಿರುಕಿನಲ್ಲಿ ಇಳಿದ ನೀರನ್ನು ವಾರ್ನಿಷ್‌ನ ಪದರ ಹೊರಗೆ ಬಿಡುವುದಿಲ್ಲ. ಕೆತ್ತಿದವರು ಹಕ್ಕಿಯ ಬೆನ್ನಿನಲ್ಲಿ ತಿರುಳಿನವರೆಗೂ ಒಂದು ಸೀಳು ಕೊಯ್ದಿದ್ದರಿಂದ ದೊಡ್ಡ ಬಿರುಕು ಅಲ್ಲೇ ಬಾಯ್ದೆರೆದು ಮುಖ ಉಳಿಯಿತು. ಅವರ ಆ ಮುಂದಾಲೋಚನೆಗೆ ನಾನು ಋಣಿ.

ಎಣ್ಣೆ ಮೇಲೆ ಪೊರೆ ಕಟ್ಟದೆ ಮರದೊಳಗೇ ಗಟ್ಟಿಯಾಗುತ್ತದೆ. ಫೆಬ್ರವರಿಯ ಬಿಸಿಲಿನಲ್ಲಿ ವಾರ್ನಿಷನ್ನು ಪೂರ್ತಿ ಉಜ್ಜಿ ತೆಗೆದು, ಮೊದಲ ಕೋಟಿಗೆ ಸಮಪಾಲು ಟರ್ಪೆಂಟೈನ್ ಬೆರೆಸಿ, ಮುಂದಿನ ಎರಡನ್ನು ಬರೀ ಎಣ್ಣೆಯಲ್ಲೇ ಬಳಿದು, ಅರ್ಧ ಗಂಟೆ ಕಳೆದ ಮೇಲೆ ಮರ ಹೀರದೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿದೆವು. ನಾರು ಅಡ್ಡಕ್ಕೆ ಕೊಯ್ದ ನೆತ್ತಿಯ ಭಾಗ ಹಚ್ಚಿದಷ್ಟೂ ಕುಡಿಯುತ್ತಿತ್ತು. ಹಲಸಿನ ಹಳದಿ ಜೇನಿನ ಬಣ್ಣಕ್ಕೆ ತಿರುಗಿ, ಗರಿಗಳ ಮೇಲೆ ಗರಗಸದ ಹಲ್ಲಿನ ಗೀರುಗಳು ಒಂದೊಂದೂ ಎದ್ದು ಕಂಡವು.

ಆದರೆ ಈ ಎಣ್ಣೆ ಎಲ್ಲವನ್ನೂ ತಡೆಯುವುದಿಲ್ಲ. ಜುಲೈ ಮಳೆಯಲ್ಲಿ ರೆಕ್ಕೆಯ ನೆರಳಿನ ಬದಿಗೆ ಕಪ್ಪು ಬೂಷ್ಟು ಹಿಡಿಯಿತು. ಬಿಸಿಲು ಬಂದ ಮೇಲೆ ಬ್ರಷ್‌ನಿಂದ ಉಜ್ಜಬೇಕಾಯಿತು. ಪ್ರತಿವರ್ಷ ಮಳೆಗೆ ಮುಂಚೆ ಒಂದು ಕೋಟ್ ಬೇಕೇ ಬೇಕು. ಗೆದ್ದಲಿಗಂತೂ ಇದು ಮದ್ದಲ್ಲ. ಆದ್ದರಿಂದ ಹಕ್ಕಿಯನ್ನು ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸಿ, ಬುಡಕ್ಕೆ ಮಾತ್ರ ಹಿರಿಯರು ತೊಲೆ ಪಕಾಸಿಗಳಿಗೆ ಹಚ್ಚುತ್ತಿದ್ದ ಗೇರೆಣ್ಣೆಯನ್ನೇ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೇ, ಬಳಿದಿದ್ದೇವೆ. ಅದು ಮರವನ್ನು ಕಪ್ಪು ಮಾಡುವುದರಿಂದ ಮೈಗೆ ಒಗ್ಗದು. ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುವುದರಿಂದ ಕೈಗವಸು ಇಲ್ಲದೆ ಮುಟ್ಟಬಾರದು.

ಲಿನ್ಸೀಡ್ ಕೊಳ್ಳುವವರು ಇನ್ನೊಂದನ್ನು ತಿಳಿದಿರಲೇಬೇಕು. ಈ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬೆಂಕಿ ಹತ್ತಬಹುದು. ನಾವು ಅದನ್ನು ನೀರಿನಲ್ಲಿ ನೆನೆಸಿ, ಅಂಗಳದ ಕಲ್ಲಿನ ಮೇಲೆ ಬಿಡಿಬಿಡಿಯಾಗಿ ಹರಡಿ ಒಣಗಿಸುತ್ತೇವೆ.