ಮೊಬೈಲ್ ಕಾನ್ಫರೆನ್ಸ್, ವಾಟ್ಸ್‌ಆ್ಯಪ್, ಮೀಟ್, ಜೂಮ್: ಒಂದು ವರ್ಷ ಬಳಸಿ ಹೋಲಿಸಿದ್ದು

ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಆರು ಮನೆಯ ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ತಯಾರಿಸಿ ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರಿನ ಅಂಗಡಿಗಳಿಗೆ ಕಳಿಸುತ್ತೇವೆ. ಊರು ಒಂದೇ ಆದರೂ ಮನೆಗಳು ಹತ್ತಿರವಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ತೋಟ ಇಳಿದು, ಹಳ್ಳ ದಾಟಿ, ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಅದೂ ಆಗುವುದಿಲ್ಲ. ಆದ್ದರಿಂದ ಪ್ರತಿ ಬುಧವಾರ ಸಂಜೆ ಯಾವ ಅಂಗಡಿಗೆ ಎಷ್ಟು ಬಾಟಲಿ, ಯಾರ ಮನೆಯಲ್ಲಿ ಎಷ್ಟು ಹಪ್ಪಳ ಒಣಗಿದೆ, ಯಾರಿಗೆ ಎಷ್ಟು ಹಣ ಸೇರಬೇಕು ಎಂಬುದನ್ನೆಲ್ಲ ಫೋನಿನಲ್ಲಿಯೇ ಕೂಡಿ ಮಾತನಾಡಿ ತೀರ್ಮಾನಿಸುತ್ತೇವೆ. ಭಾನುವಾರ ರಾತ್ರಿ ಇನ್ನೊಂದು ಮಾತುಕತೆ ಇರುತ್ತದೆ: ತವರಿನಲ್ಲಿರುವ ಅಮ್ಮ, ಬೆಂಗಳೂರಿನಲ್ಲಿರುವ ಅಣ್ಣ, ದುಬೈಯಲ್ಲಿರುವ ತಂಗಿ ಮತ್ತು ನಾನು.

ಈ ಎರಡೂ ಮಾತುಕತೆಗಳಿಗೆ ಯಾವುದು ಹೊಂದುತ್ತದೆ ಎಂದು ತಿಳಿಯಲು ಮೊಬೈಲಿನ ಸಾಮಾನ್ಯ ಕಾನ್ಫರೆನ್ಸ್ ಕರೆ, ವಾಟ್ಸ್‌ಆ್ಯಪ್ ಗುಂಪು ಕರೆ, ಗೂಗಲ್ ಮೀಟ್ ಮತ್ತು ಜೂಮ್ ಇವನ್ನು ಒಂದೊಂದಾಗಿ ಸುಮಾರು ಮೂರು ಮೂರು ತಿಂಗಳು ಬಳಸಿ ನೋಡಿದೆ. ಮೀಟ್ ಮತ್ತು ಜೂಮ್‌ನಲ್ಲಿ ಹಣ ಕೊಡದೆ ಸಿಗುವ ಖಾತೆಯನ್ನೇ ಬಳಸಿದ್ದೇನೆ, ಏಕೆಂದರೆ ನಮ್ಮಂಥ ಸಣ್ಣ ಗುಂಪುಗಳು ತಿಂಗಳ ಶುಲ್ಕ ಕಟ್ಟಿ ಇವನ್ನು ಇಟ್ಟುಕೊಳ್ಳುವುದು ಅಪರೂಪ.

ಮೊದಲು ಮೊಬೈಲಿನ ಕಾನ್ಫರೆನ್ಸ್. ಒಬ್ಬರಿಗೆ ಕರೆ ಮಾಡಿ, ಅವರನ್ನು ಹೋಲ್ಡ್‌ನಲ್ಲಿಟ್ಟು, ಇನ್ನೊಬ್ಬರಿಗೆ ಕರೆ ಮಾಡಿ, ಅವರು ಎತ್ತಿದ ಮೇಲೆ ಮರ್ಜ್ ಒತ್ತಿ, ಹೀಗೆ ಒಬ್ಬೊಬ್ಬರನ್ನೇ ಸೇರಿಸುತ್ತಾ ಹೋಗಬೇಕು. ಸಾಮಾನ್ಯವಾಗಿ ಕರೆ ಮಾಡಿದವರ ಜೊತೆ ಐದು ಜನ, ಅಂದರೆ ಒಟ್ಟು ಆರು ಜನರಿಗೆ ಮಾತ್ರ ಅವಕಾಶ. ನಮ್ಮದು ಆರು ಮನೆಯಾದ್ದರಿಂದ ಲೆಕ್ಕ ಸರಿಹೋಯಿತಾದರೂ ಅಂಗಡಿಯವರು ಏಳನೆಯವರಾಗಿ ಬರಬೇಕಾದ ದಿನ ಅಕ್ಕಪಕ್ಕದ ಮನೆಯ ಇಬ್ಬರು ಒಂದೇ ಫೋನಿನ ಎದುರು ಕೂರಬೇಕಾಗುತ್ತಿತ್ತು. ಎಲ್ಲರನ್ನೂ ಕೂಡಿಸುವ ಹೊತ್ತಿಗೆ ನಾಲ್ಕೈದು ನಿಮಿಷ ಹೋಗುತ್ತದೆ, ಮೊದಲು ಎತ್ತಿದವರು ಅಷ್ಟೂ ಹೊತ್ತು ಕಾಯುತ್ತಾರೆ. ಆದ್ದರಿಂದ ಕೆಲಸದ ನಡುವೆ ಇರುವವರನ್ನು ಕೊನೆಗೆ, ಬಿಡುವಾಗಿರುವವರನ್ನು ಮೊದಲಿಗೆ ಕರೆಯುವ ಕ್ರಮ ಇಟ್ಟುಕೊಂಡೆ.

ಇಷ್ಟೆಲ್ಲ ತೊಡಕಿದ್ದರೂ ಈ ದಾರಿಗೆ ಒಂದು ದೊಡ್ಡ ಗುಣವಿದೆ. ಕರೆ ಬಂದವರು ಮಾಡಬೇಕಾದದ್ದು ಫೋನ್ ಎತ್ತುವುದು ಮಾತ್ರ. ಹಲಸಿನ ತೊಳೆ ಎಷ್ಟು ಬಲಿತಿರಬೇಕು, ಹಿಟ್ಟಿಗೆ ಎಷ್ಟು ಖಾರ ಬೀಳಬೇಕು ಎಂಬುದನ್ನು ನಮ್ಮಲ್ಲಿ ಖಚಿತವಾಗಿ ಹೇಳಬಲ್ಲವರು ಎಪ್ಪತ್ತು ದಾಟಿದ ಒಬ್ಬರು ದೊಡ್ಡಕ್ಕ, ಅವರ ಬಳಿ ಇರುವುದು ಕೀಪ್ಯಾಡ್ ಫೋನು. ಅಮ್ಮನ ಮನೆಯಲ್ಲಿ ಲ್ಯಾಂಡ್‌ಲೈನ್ ಇದೆ. ಎಲ್ಲರ ಧ್ವನಿಯನ್ನು ಕೂಡಿಸುವ ಕೆಲಸ ಮೊಬೈಲ್ ಕಂಪನಿಯ ಜಾಲದಲ್ಲಿ ನಡೆಯುತ್ತದೆಯೇ ಹೊರತು ಅವರ ಫೋನಿನಲ್ಲಲ್ಲ, ಹೀಗಾಗಿ ಇಬ್ಬರೂ ಬೇರೆ ಏನನ್ನೂ ಕಲಿಯದೆ ಇದರಲ್ಲಿ ಸೇರಿಕೊಳ್ಳುತ್ತಾರೆ. ಉಳಿದ ಮೂರು ದಾರಿಗಳಲ್ಲಿ ಇವರಿಬ್ಬರೂ ಹೊರಗೇ ಉಳಿದರು ಎಂಬುದು ನನ್ನ ತೀರ್ಮಾನದಲ್ಲಿ ಬಹಳ ತೂಕ ಪಡೆದಿದೆ.

ಇದರ ಎರಡು ದೋಷಗಳನ್ನು ಬಳಸುವವರು ಮೊದಲೇ ತಿಳಿದಿರಬೇಕು. ಒಂದನೆಯದು, ಕರೆ ಮಾಡಿದವರ ಲೈನ್ ಕಡಿದರೆ ಎಲ್ಲರದೂ ಕಡಿಯುತ್ತದೆ, ಆದ್ದರಿಂದ ಸಿಗ್ನಲ್ ಚೆನ್ನಾಗಿರುವ ಮನೆಯವರೇ ಕಾನ್ಫರೆನ್ಸ್ ಹಾಕಬೇಕು. ಎರಡನೆಯದು, ನಡುವೆ ಯಾರಿಗಾದರೂ ಬೇರೆ ಕರೆ ಬಂದು ಅವರು ಅದನ್ನು ಎತ್ತಿದರೆ, ‘ನಿಮ್ಮ ಕರೆಯನ್ನು ಹೋಲ್ಡ್‌ನಲ್ಲಿ ಇಡಲಾಗಿದೆ’ ಎಂಬ ಅರ್ಥದ ಧ್ವನಿಮುದ್ರಿತ ಸೂಚನೆ ಉಳಿದ ಎಲ್ಲರ ಕಿವಿಗೂ ಬೀಳತೊಡಗುತ್ತದೆ. ಮೊದಲ ಸಲ ಹೀಗಾದಾಗ ಅದು ಯಾರ ಲೈನ್ ಎಂದು ತಿಳಿಯದೆ ಇಡೀ ಕರೆಯನ್ನೇ ಕಡಿದು ಮತ್ತೆ ಮೊದಲಿನಿಂದ ಎಲ್ಲರನ್ನೂ ಸೇರಿಸಿದೆ. ಕರೆ ಹಾಕಿದವರ ಸ್ಮಾರ್ಟ್‌ಫೋನಿನ ಪರದೆಯಲ್ಲಿ ಸೇರಿದವರ ಪಟ್ಟಿ ತೆರೆದು, ಬೇಕಾದ ಒಬ್ಬರ ಲೈನ್ ಮಾತ್ರ ಬಿಡಿಸಬಹುದು ಎಂಬುದು ಆಮೇಲೆ ಗೊತ್ತಾಯಿತು.

ವಾಟ್ಸ್‌ಆ್ಯಪ್ ಗುಂಪು ಕರೆ ಆರಂಭಿಸುವುದು ಇವುಗಳಲ್ಲೆಲ್ಲ ಸುಲಭ. 2018ರಲ್ಲಿ ಈ ಸೌಲಭ್ಯ ಬಂದಾಗ ನಾಲ್ಕು ಜನರಿಗೆ ಮಾತ್ರ ಅವಕಾಶವಿತ್ತು, 2020ರಲ್ಲಿ ಅದು ಎಂಟಾಯಿತು, ಈಗ 32 ಜನ ಸೇರಬಹುದು. ನಮ್ಮ ಗುಂಪು ಅದರಲ್ಲಿ ಮೊದಲೇ ಇದ್ದುದರಿಂದ ಒಂದು ಗುಂಡಿ ಒತ್ತಿದರೆ ಎಲ್ಲರ ಫೋನೂ ಒಟ್ಟಿಗೆ ರಿಂಗ್ ಆಗುತ್ತದೆ, ತಡವಾದವರು ಆಮೇಲೆ ತಾವೇ ಬಂದು ಸೇರಬಹುದು. ಡೇಟಾ ಬಹಳ ಖರ್ಚಾಗುತ್ತದೆ ಎಂಬ ಅಂಜಿಕೆ ನಮ್ಮ ಕೆಲವರಲ್ಲಿತ್ತು. ಧ್ವನಿ ಕರೆಗೆ ಸೆಕೆಂಡಿಗೆ 32 ಕಿಲೋಬಿಟ್ ಎಂದು ಲೆಕ್ಕ ಹಿಡಿದರೂ ಒಂದು ಗಂಟೆಗೆ ಒಂದು ದಿಕ್ಕಿನಲ್ಲಿ ಸುಮಾರು 14 ಎಂಬಿ ಆಗುತ್ತದೆ, ಹೋಗಿ ಬರುವುದು ಸೇರಿ ಅದರ ಎರಡರಷ್ಟು. ವಿಡಿಯೊ ಹಾಕಿದರೆ ಮಾತ್ರ ಡೇಟಾ ಇದರ ಎಷ್ಟೋ ಪಟ್ಟು ಹೋಗುತ್ತದೆ, ದುರ್ಬಲ ಸಿಗ್ನಲ್‌ನಲ್ಲಿ ಧ್ವನಿಯನ್ನೂ ಕೆಡಿಸುತ್ತದೆ. ವ್ಯವಹಾರದ ಮಾತಿಗೆ ಮುಖ ಕಾಣಲೇಬೇಕೆಂಬ ಅಗತ್ಯ ನನಗೆ ಒಮ್ಮೆಯೂ ಕಂಡುಬರಲಿಲ್ಲ; ಬಾಟಲಿಗೆ ಅಂಟಿಸುವ ಲೇಬಲ್ಲಿನ ಬಣ್ಣ ಆರಿಸುವಾಗ ಸಹ ಮೊದಲೇ ಫೋಟೊ ಕಳಿಸಿ ಆಮೇಲೆ ಮಾತನಾಡಿದ್ದೇ ಹೆಚ್ಚು ಅನುಕೂಲವಾಯಿತು.

ಧ್ವನಿಯ ಗುಣದಲ್ಲಿ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಹಳೆಯ ದೂರವಾಣಿ ಪದ್ಧತಿಯಲ್ಲಿ ಸೆಕೆಂಡಿಗೆ ಎಷ್ಟು ಕಂಪನ ಎಂದು ತಿಳಿಸುವ ಅಳತೆಯಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಸಾಗುತ್ತದೆ, ಹಾಗಾಗಿ ‘ಸ’, ‘ಶ’ದಂಥ ಅಕ್ಷರಗಳ ಮೇಲಿನ ಅಂಚು ಕತ್ತರಿಸಿಹೋಗುತ್ತದೆ. ಇಂಟರ್ನೆಟ್ ಕರೆಗಳು ಮತ್ತು 4ಜಿ ಜಾಲದಲ್ಲೇ ಸಾಗುವ ವೋಲ್ಟಿ ಕರೆಗಳು 7000 ಹರ್ಟ್ಸ್‌ವರೆಗೆ, ಕೆಲವೊಮ್ಮೆ ಅದಕ್ಕೂ ಮೇಲಿನವರೆಗೆ ಒಯ್ಯುವುದರಿಂದ ಮಾತು ಎದುರು ಕೂತಂತೆ ಕೇಳುತ್ತದೆ. ಆದರೆ ಇಂಟರ್ನೆಟ್ ಕರೆಯಲ್ಲಿ ವಿಳಂಬ ಹೆಚ್ಚು. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು 150 ಮಿಲಿಸೆಕೆಂಡ್‌ಗಿಂತ ಕಡಿಮೆ ಸಮಯ ಸಾಕಾದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಎದುರೆದುರು ಮಾತನಾಡುವಾಗ ಒಬ್ಬರು ಮುಗಿಸಿ ಇನ್ನೊಬ್ಬರು ಆರಂಭಿಸುವ ನಡುವಿನ ಅಂತರ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಇರುತ್ತದೆ, ಆದ್ದರಿಂದ ಅರ್ಧ ಸೆಕೆಂಡ್ ತಡವಾದರೂ ಇಬ್ಬರು ಒಟ್ಟಿಗೆ ಬಾಯಿ ತೆರೆದು, ಇಬ್ಬರೂ ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಆರಂಭಿಸುತ್ತಾರೆ. ಮಾತನಾಡಬೇಕಾದವರನ್ನು ಹೆಸರಿಟ್ಟು ಕರೆಯುವ ಪದ್ಧತಿ ತಂದ ಮೇಲೆ ಈ ತಿಕ್ಕಾಟ ನಮ್ಮಲ್ಲಿ ಬಹುಪಾಲು ನಿಂತಿದೆ.

ಮೀಟ್ ಮತ್ತು ಜೂಮ್ ಎರಡರಲ್ಲೂ ಲಿಂಕ್ ಕಳಿಸಿ ಹೊತ್ತು ಗೊತ್ತುಮಾಡಬೇಕು. ಉಚಿತ ಖಾತೆಯಲ್ಲಿ ಎರಡಕ್ಕೂ 100 ಜನರವರೆಗೆ ಅವಕಾಶವಿದೆ. ಮೂರು ಅಥವಾ ಹೆಚ್ಚು ಜನರಿದ್ದರೆ ಮೀಟ್ 60 ನಿಮಿಷಕ್ಕೆ, ಜೂಮ್ 40 ನಿಮಿಷಕ್ಕೆ ಮುಗಿಯುತ್ತದೆ. ಈ ಮಿತಿ ನಮಗೆ ತೊಂದರೆಯೆನಿಸಲಿಲ್ಲ, ಬದಲಾಗಿ 40 ನಿಮಿಷದೊಳಗೆ ಮುಗಿಸಬೇಕೆಂದು ಮೊದಲೇ ತಿಳಿದಿದ್ದುದರಿಂದ ಹಣದ ವಿಷಯವನ್ನು ಮೊದಲಿಗೇ ತೆಗೆದುಕೊಳ್ಳುವ ರೂಢಿ ಬಂತು. ಹೊಸ ಅಂಗಡಿಯವರೊಂದಿಗೆ, ತರಬೇತಿ ಕೊಡುವವರೊಂದಿಗೆ, ಹತ್ತು ಹದಿನೈದು ಜನ ಸೇರುವ ಸಭೆಗಳಿಗೆ ಈ ಎರಡೂ ಮೇಲು. ನಡೆಸುವವರು ಎಲ್ಲರ ಮೈಕ್ ಮುಚ್ಚಬಹುದು, ಲೆಕ್ಕದ ಹಾಳೆಯನ್ನು ಪರದೆಯ ಮೇಲೆ ತೋರಿಸಬಹುದು, ನಮ್ಮ ಫೋನ್ ನಂಬರ್ ಹೊಸಬರಿಗೆ ಕೊಡಬೇಕಾಗಿಲ್ಲ. ಕಂಪ್ಯೂಟರ್ ಇರುವವರಿಗೆ ಬ್ರೌಸರ್‌ನಲ್ಲಿಯೇ ನೇರವಾಗಿ ತೆರೆಯುವ ಮೀಟ್ ಹೆಚ್ಚು ಸಲೀಸು. ಒಳಬರುವವರನ್ನು ಹೊರಗಿನ ಕೋಣೆಯಲ್ಲಿ ಕಾಯಿಸಿ ಒಬ್ಬೊಬ್ಬರನ್ನೇ ಬಿಟ್ಟುಕೊಳ್ಳುವ ಜೂಮ್‌ನ ವ್ಯವಸ್ಥೆ ನನಗೆ ಹಿಡಿಸಿತು. 2023ರ ಡಿಸೆಂಬರ್‌ನಲ್ಲಿ ಅಪರಿಚಿತರು ಕರ್ನಾಟಕ ಹೈಕೋರ್ಟಿನ ವಿಡಿಯೊ ಕಲಾಪಕ್ಕೆ ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದ್ದರಿಂದ ಆ ಸೌಲಭ್ಯವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಸಾರ್ವಜನಿಕವಾಗಿ ಹರಡಿದ ಲಿಂಕ್ ಎಂದರೆ ಬಾಗಿಲು ತೆರೆದಿಟ್ಟ ಮನೆ ಎಂದು ನಾನು ಅಂದಿನಿಂದ ಭಾವಿಸಿದ್ದೇನೆ.

ಈಗ ನಮಗೆ ನಷ್ಟ ತಂದ ಒಂದು ಪ್ರಸಂಗವನ್ನು ಹೇಳಬೇಕು, ಏಕೆಂದರೆ ಅದು ನಾಲ್ಕೂ ದಾರಿಗಳಿಗೆ ಅನ್ವಯಿಸುತ್ತದೆ. ಜೂನ್ ತಿಂಗಳ ಒಂದು ಸಂಜೆ ಬೆಂಗಳೂರಿನ ಅಂಗಡಿಯವರು ಕರೆ ಮಾಡಿದಾಗ, ಬಾಟಲಿ ತುಂಬುವ ಇಬ್ಬರನ್ನು ಕಾನ್ಫರೆನ್ಸ್‌ಗೆ ತೆಗೆದುಕೊಂಡೆ. ಹೊರಗೆ ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಅರ್ಧ ಕಿಲೋದ ಬಾಟಲಿ ‘ಇಪ್ಪತ್ತು’ ಬೇಕೆಂದು ಅವರು ಹೇಳಿದ್ದು, ಆ ಕ್ಷಣಕ್ಕೆ ಧ್ವನಿ ಮುರಿದು, ನಮಗೆ ‘ಪ್ಪತ್ತು’ ಎಂದಷ್ಟೇ ಕೇಳಿತು. ಹಿಂದಿನ ಸಲ ಅವರು ದೊಡ್ಡ ಆರ್ಡರ್ ಕೊಟ್ಟಿದ್ದರಿಂದ ಎಪ್ಪತ್ತು ಎಂದು ಮೂವರೂ ತಿಳಿದೆವು, ಯಾರೂ ಮರಳಿ ಕೇಳಲಿಲ್ಲ. ಎಪ್ಪತ್ತು ಬಾಟಲಿ ತುಂಬಿ, ಬಸ್ಸಿಗೆ ಹಾಕಿ ಕಳಿಸಿದ ಮೇಲೆ, ಅಂಗಡಿಯವರು ಐವತ್ತನ್ನು ಪಕ್ಕಕ್ಕೆ ಇಟ್ಟಿದ್ದೇವೆಂದು ತಿಳಿಸಿದರು. ಅವು ಮಾರಿಹೋಗುವವರೆಗೆ ಮೂರು ಮನೆಯ ಹಣ ಅಲ್ಲಿಯೇ ಸಿಲುಕಿತು.

ಆಮೇಲೆ ಕೂತು ಯೋಚಿಸಿದಾಗ ತಿಳಿದದ್ದೇನೆಂದರೆ, ಕನ್ನಡದ ಹತ್ತುಗಳ ಎಣಿಕೆಯಲ್ಲಿ ಮೊದಲ ಅಕ್ಷರ ಹೋದರೆ ಅಂಕಿಯೇ ಹೋಗುತ್ತದೆ. ಇಪ್ಪತ್ತು ಮತ್ತು ಎಪ್ಪತ್ತು ಉಳಿದಂತೆ ಒಂದೇ. ಮೂವತ್ತು, ಐವತ್ತು, ಅರವತ್ತು ಮೂರೂ ‘ವತ್ತು’ ಎಂದೇ ಮುಗಿಯುತ್ತವೆ. ಎಂಬತ್ತು ಮತ್ತು ತೊಂಬತ್ತರದೂ ಇದೇ ಕಥೆ. ಕಾನ್ಫರೆನ್ಸ್ ಕರೆಯಲ್ಲಿ, ಅದರಲ್ಲೂ ಬ್ಲೂಟೂತ್ ಹಾಕಿಕೊಂಡವರ ಅಥವಾ ಆಗಷ್ಟೇ ಮ್ಯೂಟ್ ತೆಗೆದವರ ಮಾತಿನಲ್ಲಿ ಮೊದಲು ಕತ್ತರಿಸಿಹೋಗುವುದು ಇದೇ ಮೊದಲ ಅಕ್ಷರ. ಈಗ ನಾವು ‘ಎರಡು ಸೊನ್ನೆ, ಇಪ್ಪತ್ತು’, ‘ಏಳು ಸೊನ್ನೆ, ಎಪ್ಪತ್ತು’ ಎಂದು ಬಿಡಿಸಿ ಹೇಳಿ, ಕೇಳಿದವರಿಂದ ಅದನ್ನೇ ಮರಳಿ ಹೇಳಿಸಿ, ಕರೆ ಮುಗಿದ ಕೂಡಲೇ ಸಂಖ್ಯೆಗಳನ್ನಷ್ಟು ಬರೆದು ಸಂದೇಶ ಕಳಿಸುತ್ತೇವೆ. ಈ ಸಣ್ಣ ಪದ್ಧತಿಯಿಂದ ಆದ ಉಪಕಾರ ಯಾವ ಆ್ಯಪ್ ಬದಲಿಸಿದ್ದರಿಂದಲೂ ಆಗಿಲ್ಲ.

ಫೋನ್ ಇಡುವ ಜಾಗವೂ ಅಷ್ಟೇ ಮುಖ್ಯ. ಮೂವರು ಕೂತು ಹಪ್ಪಳ ಒತ್ತುವ ಜಗಲಿಯಲ್ಲಿ ಫೋನನ್ನು ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಲೌಡ್‌ಸ್ಪೀಕರ್ ಹಾಕಿದರೆ ತಟ್ಟೆಯೇ ಝೇಂಕರಿಸುತ್ತದೆ. ಮಡಿಸಿದ ಟವೆಲ್ಲಿನ ಮೇಲೆ, ಮಾತನಾಡುವವರ ಕಡೆಗೆ ಮೈಕ್ ಮಾಡಿ ಇಟ್ಟರೆ ಆ ತೊಂದರೆ ಇಲ್ಲ. ಒಂದೇ ಕೋಣೆಯಲ್ಲಿ ಎರಡು ಫೋನು ಒಂದೇ ಕರೆಯಲ್ಲಿದ್ದರೆ ಒಂದರ ಸ್ಪೀಕರ್ ಧ್ವನಿ ಇನ್ನೊಂದರ ಮೈಕ್ ಸೇರಿ ಕಿವಿಗಡಚಿಕ್ಕುವ ಶಬ್ದ ಏಳುತ್ತದೆ, ಒಂದನ್ನು ಕಡಿಯುವುದೇ ಪರಿಹಾರ. ಕರೆಂಟ್ ಹೋದಾಗ ಫೈಬರ್ ಇರುವ ಮನೆಯಲ್ಲೂ ಇನ್ವರ್ಟರ್ ಇಲ್ಲದಿದ್ದರೆ ಇಂಟರ್ನೆಟ್ ನಿಲ್ಲುತ್ತದೆ, ಅಂಥ ಹೊತ್ತಿನಲ್ಲಿ ನಮ್ಮಲ್ಲಿ ಕೈಗೆ ಸಿಗುವುದು ಸಾಮಾನ್ಯ ಮೊಬೈಲ್ ಕರೆಯೊಂದೇ.

ಮರ್ಜ್ ಗುಂಡಿಯ ಬಗ್ಗೆ ಒಂದು ಎಚ್ಚರಿಕೆ ಇದೆ. ಗೊತ್ತಿಲ್ಲದವರು ಕರೆ ಮಾಡಿ, ‘ನಿಮ್ಮ ಪರಿಚಯದವರು ಇನ್ನೊಂದು ನಂಬರಿನಿಂದ ಕರೆಯುತ್ತಿದ್ದಾರೆ, ಮರ್ಜ್ ಮಾಡಿ’ ಎಂದು ಹೇಳಿ, ಆ ಎರಡನೆಯ ಕರೆಯಾಗಿ ಬ್ಯಾಂಕಿನ ಒಟಿಪಿ ಹೇಳುವ ಯಂತ್ರಧ್ವನಿಯನ್ನು ಬರುವಂತೆ ಮಾಡಿ, ಒಟಿಪಿಯನ್ನು ತಾವೂ ಕೇಳಿಸಿಕೊಂಡು ಹಣ ಲಪಟಾಯಿಸುವ ವಂಚನೆಯ ಬಗ್ಗೆ 2025ರ ಫೆಬ್ರವರಿಯಲ್ಲಿ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮವೇ ಎಚ್ಚರಿಸಿದೆ. ನಾವು ಕರೆ ಮಾಡಿ ನಾವೇ ಸೇರಿಸಿದವರ ಹೊರತು, ಬೇರೆಯವರು ಹೇಳಿದರೆಂದು ಮರ್ಜ್ ಒತ್ತಬಾರದೆಂದು ಅಮ್ಮನ ಬಳಿ ಬಂದುಹೋಗುವ ಮಕ್ಕಳಿಗೂ ಹೇಳಿಟ್ಟಿದ್ದೇನೆ.

ಮನೆಯ ಮಾತುಕತೆಯಲ್ಲಿ ಲೆಕ್ಕಾಚಾರ ಬೇರೆಯಾಯಿತು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆಗೆ ನಿರ್ಬಂಧವಿದೆ. ಜೂಮ್‌ಗೆ ಅನುಮತಿ ಇದೆ. ಆದ್ದರಿಂದ ಅಣ್ಣ, ತಂಗಿ, ನಾನು ಮೂವರೇ ಆದರೆ ಜೂಮ್‌ನಲ್ಲಿ ಸೇರುತ್ತೇವೆ, ಇಲ್ಲಿ ರಾತ್ರಿ ಎಂಟೂವರೆಯಾದಾಗ ಅಲ್ಲಿ ಏಳು. ಆದರೆ ಅಮ್ಮನಿಗೆ ಲ್ಯಾಂಡ್‌ಲೈನ್ ಬಿಟ್ಟು ಬೇರೇನೂ ಬೇಡ. ಜೂಮ್ ತೆರೆದ ಫೋನಿಗೆ ಇನ್ನೊಂದು ಫೋನಿನ ಲೌಡ್‌ಸ್ಪೀಕರ್ ಹಿಡಿದು ಅಮ್ಮನಿಗೆ ಕೇಳಿಸಲು ನೋಡಿದೆ, ಬರೀ ಪ್ರತಿಧ್ವನಿಯಾಯಿತು. ಈಗ ತಂಗಿ ತನ್ನ ಅಂತರರಾಷ್ಟ್ರೀಯ ಪ್ಯಾಕ್‌ನಿಂದ ನನ್ನ ಮೊಬೈಲಿಗೆ ಸಾಮಾನ್ಯ ಕರೆ ಮಾಡುತ್ತಾಳೆ; ನಾನು ಅವಳನ್ನು ಹೋಲ್ಡ್‌ನಲ್ಲಿಟ್ಟು, ಅಮ್ಮನಿಗೆ, ಆಮೇಲೆ ಅಣ್ಣನಿಗೆ ಕರೆ ಮಾಡಿ ಮರ್ಜ್ ಮಾಡುತ್ತೇನೆ. ನನಗೆ ವಿದೇಶಿ ಕರೆಯ ಖರ್ಚು ಬೀಳುವುದಿಲ್ಲ, ಅವಳಿಗೆ ಪ್ಯಾಕ್‌ನ ನಿಮಿಷಗಳು ಹೋಗುತ್ತವೆ, ಅದಕ್ಕಾಗಿ ಈ ಕರೆಯನ್ನು ಹದಿನೈದು ನಿಮಿಷಕ್ಕೆ ಇಟ್ಟುಕೊಂಡಿದ್ದೇವೆ.

ಹೀಗೆ ಬುಧವಾರಕ್ಕೆ ಮೊಬೈಲ್ ಕಾನ್ಫರೆನ್ಸ್, ದೊಡ್ಡಕ್ಕ ಬೇಕಿಲ್ಲದ ಚಿಕ್ಕ ವಿಚಾರಗಳಿಗೆ ವಾಟ್ಸ್‌ಆ್ಯಪ್, ಹೊಸಬರು ಬರುವ ಸಭೆಗೆ ಮೀಟ್, ಒಡಹುಟ್ಟಿದವರ ದೀರ್ಘ ಮಾತಿಗೆ ಜೂಮ್ ಎಂದು ನಿಂತಿದೆ. ಅಮ್ಮನ ಕರೆಯಲ್ಲಿ ಯಾರು ಯಾರು ಇದ್ದಾರೆಂಬುದು ಅವರಿಗೆ ಕಾಣುವುದಿಲ್ಲವಾದ್ದರಿಂದ ಪ್ರತಿಯೊಬ್ಬರೂ ಬಾಯಿ ತೆರೆಯುವ ಮೊದಲು ತಮ್ಮ ಹೆಸರು ಹೇಳಬೇಕೆಂದು ಅವರೇ ನಿಯಮ ಮಾಡಿದ್ದಾರೆ, ಹೆಸರು ಹೇಳದೆ ಮಾತು ಶುರುಮಾಡಿದವರನ್ನು ‘ಯಾರಪ್ಪಾ ನೀನು?’ ಎಂದು ನಿಲ್ಲಿಸಿ, ಹೇಳಿದ ಮೇಲೆಯೇ ಮುಂದುವರಿಯಲು ಬಿಡುತ್ತಾರೆ.