ಕೊಪ್ಪಳ ಬಸ್ ಸ್ಟ್ಯಾಂಡ್ ಹತ್ತಿರದ ಪಿಎಫ್ ಅಂಗಡಿ: ಕೆಲಸ ಬಿಟ್ಟವರು ಒಮ್ಮೆ ಹೋಗಿ

ಗಿಣಿಗೇರಾ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ಏಳು ವರ್ಷ ದುಡಿದು ಕೆಲಸ ಬಿಟ್ಟೆ. ಪಿಎಫ್, ಅಂದರೆ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದು ಕೂಡಿಟ್ಟ ಭವಿಷ್ಯ ನಿಧಿ ತೆಗೆಯೋಕೆ ಈ ಅಂಗಡಿಗೆ ಹೋದೆ. ನೋಡೋಕೆ ಬರೀ ಝೆರಾಕ್ಸ್ ಅಂಗಡಿ. ಆದರೆ ಒಳಗೆ ಕೂತ ಅಣ್ಣನಿಗೆ ವಿಷಯ ಚೆನ್ನಾಗಿ ಗೊತ್ತಿದೆ.

ಕೆಲಸ ಬಿಟ್ಟ ತಾರೀಖನ್ನು ಗುತ್ತಿಗೆದಾರ ಪಿಎಫ್‌ನ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಿರಲಿಲ್ಲ. ಕೇಳಿದಾಗಲೆಲ್ಲ ನಾಳೆ, ನಾಡಿದ್ದು ಅನ್ನುತ್ತಿದ್ದ. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾಗಿದ್ದರೆ ಅದನ್ನು ನಾವೇ ಹಾಕಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಅಣ್ಣ ನನ್ನ ಎದುರಿಗೇ ಮಾಡಿಕೊಟ್ಟರು.

ಆಮೇಲೆ ಕೇಳಿದರು: "ತಮ್ಮಾ, ಗ್ರಾಚ್ಯುಟಿ ಕೇಳಿಯೇನು?"

ಗ್ರಾಚ್ಯುಟಿ ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಮಾಲೀಕ ಕೊಡಬೇಕಾದ ದುಡ್ಡು. ತಾನಾಗಿ ಬಿಟ್ಟವರಿಗೆ ಅದು ಇಲ್ಲ ಅಂತ ಗುತ್ತಿಗೆದಾರ ಹೇಳಿದ್ದ. ಶುದ್ಧ ಸುಳ್ಳು. ಒಬ್ಬರ ಹತ್ತಿರವೇ ಸತತ ಐದು ವರ್ಷ ದುಡಿದಿದ್ದರೆ ರಾಜೀನಾಮೆ ಕೊಟ್ಟವರಿಗೂ ಸಿಗಬೇಕು. 1972ರಿಂದಲೂ ಕಾನೂನಿನಲ್ಲಿರುವ ಹಕ್ಕು ಇದು. ಅಣ್ಣ ಹಾಳೆ ಮೇಲೆ ಲೆಕ್ಕ ಹಾಕಿದರು. ನನ್ನ ಕೊನೆಯ ಬೇಸಿಕ್ (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 13,000. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷಕ್ಕೆ 7,500. ಏಳು ವರ್ಷಕ್ಕೆ 52,500 ರೂಪಾಯಿ. ನಮ್ಮಂಥವರ ಮನೆಗೆ ಇದು ಸಣ್ಣ ದುಡ್ಡಾ? ಆ ಒಂದು ಸುಳ್ಳು ನಂಬಿ ಎಷ್ಟು ಹುಡುಗರು ಬರಿಗೈಲಿ ಊರಿಗೆ ಹೋಗಿದ್ದಾರೋ, ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಗ್ರಾಚ್ಯುಟಿ ಅರ್ಜಿ ಟೈಪ್ ಮಾಡಿಸಿ ಗುತ್ತಿಗೆದಾರನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು.

ಪಿಎಫ್‌ನಲ್ಲಿರುವ ಪಿಂಚಣಿ ಭಾಗವನ್ನು ಮಾತ್ರ ತೆಗೆಯಬೇಡ ಅಂದರು ಅಣ್ಣ. ಒಟ್ಟು ಹತ್ತು ವರ್ಷ ಸರ್ವೀಸ್ ಆದರೆ 58ನೇ ವಯಸ್ಸಿಗೆ ಪಿಂಚಣಿ ಬರುತ್ತದೆ. ನನಗೆ ಮೂರೇ ವರ್ಷ ಬಾಕಿ. ಕ್ಲೇಮ್ ಜಾಸ್ತಿ ಮಾಡಿಸಿದಷ್ಟೂ ಅವರಿಗೇ ಲಾಭ, ಆದರೂ ಬೇಡ ಅಂದರಲ್ವಾ, ಅದಕ್ಕೇ ನಂಬಿಕೆ ಬಂತು.

ಒಂದು ಬೇಸರ ಇದೆ. ಗಿರಾಕಿಗಳ ಪಾಸ್‌ವರ್ಡ್‌ಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ, ಅದು ಟೇಬಲ್ ಮೇಲೇ ಬಿದ್ದಿರುತ್ತದೆ. ಇದು ನಿಲ್ಲಬೇಕು. ಮನೆಗೆ ಬಂದ ತಕ್ಷಣ ನಾನು ಪಾಸ್‌ವರ್ಡ್ ಬದಲಿಸಿದೆ, ನೀವೂ ಬದಲಿಸಿ. 200 ರೂಪಾಯಿ ತಗೊಂಡರು, ರಸೀದಿ ಇಲ್ಲ. ಪೋರ್ಟಲ್‌ನಲ್ಲಿ ನಾವೇ ಮಾಡಿಕೊಂಡರೆ ಪುಕ್ಕಟೆ.

ಭಾನುವಾರ ಸಂತೆಯಷ್ಟು ಜನ, ವಾರದ ನಡುವೆ ಹೋಗಿ. ಸಂಬಳದ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇರಲಿ. ಗುತ್ತಿಗೆದಾರ 'ಎಲ್ಲಾ ಬಾಕಿ ಮುಟ್ಟಿದೆ' ಅನ್ನೋ ಕಾಗದ ಮುಂದಿಟ್ಟರೆ ಸಹಿ ಹಾಕುವ ಮೊದಲು ಅದನ್ನು ಇವರಿಗೆ ತೋರಿಸಿ.