ಧಾರವಾಡದ ಮಕ್ಕಳ ಶಿಬಿರದಲ್ಲಿ ಮಾರ್ಟಿನ್ ಲೂಥರ್ ಕಿಂಗ್: ಪಾಲಕರೊಬ್ಬರ ವಿಮರ್ಶೆ

ಧಾರವಾಡದ ಸಪ್ತಾಪುರದಲ್ಲಿ ಮಕ್ಕಳಿಗಾಗಿ ಓದುಕೋಣೆ ನಡೆಸುತ್ತಿರುವ ಗೆಳೆಯರ ಬಳಗವೊಂದು ಹತ್ತರಿಂದ ಹದಿನಾಲ್ಕು ವರ್ಷದವರಿಗೆ ಎರಡು ದಿನಗಳ ಶಿಬಿರ ಏರ್ಪಡಿಸಿತ್ತು. ವಿಷಯ, ಅಮೆರಿಕದ ಕಪ್ಪುವರ್ಣೀಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅಹಿಂಸಾತ್ಮಕ ಹೋರಾಟ. ಪಾಲಕರು ಹಿಂದೆ ಕುಳಿತು ನೋಡಲು ಅವಕಾಶವಿದ್ದುದರಿಂದ ಮಗಳ ಜೊತೆ ನಾನೂ ಪೂರ್ತಿ ಕುಳಿತೆ. ಅಹಿಂಸೆ ಒಂದು ಸದ್ಗುಣವೆಂದು ಹೇಳುವ ಭಾಷಣಗಳನ್ನು ನಮ್ಮ ಮಕ್ಕಳು ಪ್ರತಿ ಅಕ್ಟೋಬರ್ 2ರಂದು ಕೇಳುತ್ತಾರೆ. ಅದಕ್ಕೆ ಎಷ್ಟು ಯೋಜನೆ, ಎಷ್ಟು ದುಡಿಮೆ ಬೇಕೆಂಬುದನ್ನು ಇಷ್ಟು ಬಿಡಿಸಿ ತೋರಿಸಿದ ತರಗತಿಯನ್ನು ನಾನು ಈ ಭಾಗದಲ್ಲಿ ಬೇರೆಲ್ಲೂ ಕಂಡಿಲ್ಲ.

ಮೊದಲ ದಿನದ ಬಹುಪಾಲು, ಬಸ್ಸಿನಲ್ಲಿನ ವರ್ಣಭೇದದ ವಿರುದ್ಧ ಅಮೆರಿಕದ ಮಾಂಟ್ಗೊಮರಿ ನಗರದ ಕಪ್ಪುವರ್ಣೀಯರು ನಡೆಸಿದ ಬಸ್ ಬಹಿಷ್ಕಾರಕ್ಕೆ ಮೀಸಲಾಗಿತ್ತು. 1955ರ ಡಿಸೆಂಬರ್ 1ರಂದು ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಅವರ ಬಂಧನವಾದದ್ದನ್ನು ಹೇಳಿ ಮುಗಿಸದೆ, ಅದೇ ವರ್ಷದ ಮಾರ್ಚ್‌ನಲ್ಲಿ ಇದೇ ಕಾರಣಕ್ಕೆ ಬಂಧನಕ್ಕೊಳಗಾದ ಹದಿನೈದು ವರ್ಷದ ಕ್ಲಾಡೆಟ್ ಕಾಲ್ವಿನ್ ಅವರನ್ನೂ, ಬಹಿಷ್ಕಾರಕ್ಕೆ ಕರೆಕೊಡುವ ಸಾವಿರಾರು ಕರಪತ್ರಗಳನ್ನು ರಾತ್ರಿಯಿಡೀ ಕೂತು ಅಚ್ಚುಹಾಕಿದ ಜೋ ಆನ್ ರಾಬಿನ್ಸನ್ ಅವರನ್ನೂ ಪರಿಚಯಿಸಿದರು. ಬಹಿಷ್ಕಾರವನ್ನು ಮುನ್ನಡೆಸಿದ ಕಿಂಗ್ ಅವರಿಗೆ ಆಗ ಇಪ್ಪತ್ತಾರು ವರ್ಷ. 381 ದಿನ ಜನ ಬಸ್ಸು ಹತ್ತಲಿಲ್ಲ ಎಂದಾಗ, ಹಾಗಾದರೆ ಅವರು ಕೆಲಸಕ್ಕೆ ಹೇಗೆ ಹೋದರು ಎಂದು ಮಕ್ಕಳೇ ಕೇಳಿದರು.

ಉತ್ತರವನ್ನು ಅವರಿಂದಲೇ ಹುಡುಕಿಸಿದ್ದು ಶಿಬಿರದ ಅತ್ಯುತ್ತಮ ಭಾಗ. ಜ್ಯುಬಿಲಿ ವೃತ್ತದಿಂದ ನವನಗರ, ಉಣಕಲ್, ವಿದ್ಯಾನಗರ ದಾಟಿ ಹೊಸೂರಿನವರೆಗಿನ, ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನ ಮಾರ್ಗವನ್ನು ದೊಡ್ಡ ಹಾಳೆಯ ಮೇಲೆ ಬರೆದು, ಒಂದು ವರ್ಷ ಈ ಬಸ್ಸು ಹತ್ತಬಾರದೆಂದರೆ ಬೆಳಿಗ್ಗೆ ಏಳಕ್ಕೆ ವಿದ್ಯಾನಗರದ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗುವ ಧಾರವಾಡದ ಹೆಣ್ಣುಮಗಳು ಹೇಗೆ ತಲುಪಬೇಕು ಎಂದು ಕೇಳಲಾಯಿತು. ಯಾರ ಹತ್ತಿರ ಗಾಡಿ ಇದೆ, ಪೆಟ್ರೋಲಿಗೆ ಹಣ ಯಾರು ಹಾಕುತ್ತಾರೆ, ಮಳೆಗಾಲದಲ್ಲಿ ಎಲ್ಲಿ ನಿಲ್ಲಬೇಕು ಎಂದು ಮಕ್ಕಳು ಜಗಳವಾಡುತ್ತ ಪಟ್ಟಿ ಮಾಡಿದರು. ಮಾಂಟ್ಗೊಮರಿಯಲ್ಲಿ ನೂರಾರು ಖಾಸಗಿ ಕಾರುಗಳು ಜನರನ್ನು ಹೊತ್ತದ್ದು, ಕಪ್ಪುವರ್ಣೀಯ ಟ್ಯಾಕ್ಸಿ ಚಾಲಕರು ಮೊದಲ ದಿನಗಳಲ್ಲಿ ಬಸ್ಸಿನ ದರವಾದ 10 ಸೆಂಟಿಗೇ ಕರೆದೊಯ್ದದ್ದು, ಬಸ್ಸಿನಲ್ಲಿನ ವರ್ಣಭೇದದ ವಿರುದ್ಧ ಕಾಲ್ವಿನ್ ಸೇರಿ ನಾಲ್ವರು ಮಹಿಳೆಯರು ಹೂಡಿದ ಮೊಕದ್ದಮೆಯಲ್ಲಿ 1956ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತದ್ದು, ಇವೆಲ್ಲ ಆಮೇಲೆ ಹೇಳಿದಾಗ ಅವರಿಗೆ ಸುಲಭವಾಗಿ ದಕ್ಕಿತು.

ಎರಡನೆಯ ದಿನ, ಅಮೆರಿಕದ ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಜೇಮ್ಸ್ ಲಾಸನ್ ಅಹಿಂಸಾತ್ಮಕ ಹೋರಾಟದ ತರಬೇತಿ ಕೊಟ್ಟ ಬಗೆಯನ್ನು ಅಭಿನಯಿಸಿದರು. ಲಾಸನ್ ನಾಗಪುರದಲ್ಲಿ ಕೆಲವು ವರ್ಷ ಇದ್ದು ಗಾಂಧೀಜಿಯ ಮಾರ್ಗವನ್ನು ಅಭ್ಯಾಸ ಮಾಡಿದವರು. ಬಿಳಿಯರಿಗಷ್ಟೇ ಮೀಸಲಾದ ಹೋಟೆಲಿನಲ್ಲಿ ಒಬ್ಬರು ಗಿರಾಕಿಯಾಗಿ ಕೂರಬೇಕು, ಉಳಿದವರು ಕೆಣಕಬೇಕು, ಕೂತವರು ತಿರುಗಿ ಬೀಳಬಾರದು. ಕುಳಿತಿದ್ದ ಹುಡುಗನ ಮುಷ್ಟಿ ಬಿಗಿದು ಗಂಟಲು ಉಬ್ಬಿದ್ದನ್ನು ಕಂಡ ಕೂಡಲೇ ಶಿಕ್ಷಕಿ ಆಟ ನಿಲ್ಲಿಸಿ, ಸಿಟ್ಟು ಬಂದದ್ದು ತಪ್ಪಲ್ಲ ಎಂದು ಹೇಳಿ, ಅವನು ಸಾವರಿಸಿಕೊಳ್ಳುವವರೆಗೆ ಪಕ್ಕದಲ್ಲೇ ಕುಳಿತರು. ಇಂಥ ಅಭ್ಯಾಸವನ್ನು ಮಕ್ಕಳಿಂದ ಮಾಡಿಸುವವರಿಗೆ ಈ ಎಚ್ಚರ ಇರಲೇಬೇಕು.

ಆದರೆ ಒಂದು ದೊಡ್ಡ ಕೊರತೆಯನ್ನು ಹೇಳದೆ ಇರಲಾರೆ. ಎರಡು ದಿನಗಳಲ್ಲಿ ಜಾತಿಯ ಮಾತೇ ಬರಲಿಲ್ಲ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು ಎಂದು ಹೇಳಿದ ಶಿಬಿರ, ಕೇರಳದ ಶಾಲೆಯೊಂದರಲ್ಲಿ ಮುಖ್ಯಾಧ್ಯಾಪಕರು ತಮ್ಮನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಎಂದು ಪರಿಚಯಿಸಿದ್ದಾಗಿ ಅವರೇ 1965ರ ಉಪದೇಶವೊಂದರಲ್ಲಿ ಹೇಳಿಕೊಂಡದ್ದನ್ನು ಬಿಟ್ಟಿತು. ಮೊದಲು ಮನಸ್ಸಿಗೆ ಚುಚ್ಚಿದರೂ, ಯೋಚಿಸಿದಾಗ ಅದು ನಿಜವೆಂದು ತಮಗೆ ಅನಿಸಿತು ಎಂದು ಅವರು ಹೇಳುತ್ತಾರೆ. ಇಷ್ಟನ್ನು ಹೇಳಿದ್ದರೆ, ನಮ್ಮೂರ ಬಾವಿ, ಗುಡಿ, ಚಹಾದ ಅಂಗಡಿಗಳ ಕಥೆಗೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಅಮೆರಿಕದ ಅನ್ಯಾಯವನ್ನು ಮಾತ್ರ ತಿಳಿದು ಮನೆಗೆ ಹೋಗುವ ಮಗುವಿಗೆ ಪಾಠ ಅರ್ಧವೇ ಆಗಿರುತ್ತದೆ.

ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಪ್ರಸ್ತಾಪವೂ ಅವಸರದಲ್ಲಿ ಮುಗಿಯಿತು. 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದ ಆ ಯುವಕ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರಿ ಕಂದಾಯವನ್ನು ವಶಪಡಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾದರು. ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಚರ್ಚಿಸುವಷ್ಟು ದೊಡ್ಡ ಮಕ್ಕಳು ಅಲ್ಲಿದ್ದರು.

ಶುಲ್ಕ ಮುನ್ನೂರು ರೂಪಾಯಿ, ಅದರಲ್ಲೇ ಮಧ್ಯಾಹ್ನದ ಊಟ. ಕೊಡಲು ಆಗದವರಿಂದ ಪಡೆಯುವುದಿಲ್ಲ. ಕೈಗೆ ಕೊಟ್ಟ ಕನ್ನಡ ಪುಸ್ತಿಕೆಯ ಅಕ್ಷರಗಳು ತೀರ ಸಣ್ಣವು. ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ಎರಡನೆಯ ದಿನದ ಅಭಿನಯ ಭಾರವಾದೀತು. ಹನ್ನೆರಡು ದಾಟಿದವರನ್ನು ನಿಸ್ಸಂಕೋಚವಾಗಿ ಕಳಿಸಬಹುದು. ಬೇಸಿಗೆ ರಜೆಯಲ್ಲಿ ಇದೇ ಶಿಬಿರವನ್ನು ಮೂರು ದಿನಕ್ಕೆ ಹಿಗ್ಗಿಸುವ ವಿಚಾರವಿದೆಯಂತೆ. ಆ ಮೂರನೆಯ ದಿನವನ್ನು ಜಾತಿಯ ಪ್ರಶ್ನೆಗೇ ಕೊಡಿ ಎಂದು ಸಂಘಟಕರಿಗೆ ಬರೆದುಕೊಟ್ಟಿದ್ದೇನೆ.